ದವಡೆಯ ಕಡ್ಡಿ

"ಎದಿಯೊಳಗ ಈ ಒಲಿ ಹಚ್ಚಿದವರು ಯಾರಪಾ?"

ಹಿತ್ತಲಿನ ತುಳಸಿಕಟ್ಟೆಯ ಮುಂದೆ ನಿಂತು ವಾದಿರಾಜಾಚಾರ್ಯರು ಕೇಳಿದರು. ಕೇಳಿದ್ದು ಯಾರನ್ನೂ ಅಲ್ಲ. ಬೆಳಕು ಆಗಷ್ಟೇ ಹರಿಯುತ್ತಿತ್ತು. ಸಂಡೂರಿನ ಕಡೆಯಿಂದ ಬರುವ ಅದಿರು ಲಾರಿಗಳ ಸದ್ದು ದೂರದ ಹೆದ್ದಾರಿಯಲ್ಲಿ ಇನ್ನೂ ನಿಂತಿರಲಿಲ್ಲ. ಒಂದು ಕೈಯನ್ನು ಎದೆಯ ನಡುವೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಕಟ್ಟೆ ಹಿಡಿದು, ಹುಳಿತೇಗು ಗಂಟಲವರೆಗೆ ಬಂದು ಇಳಿಯುವ ತನಕ ಅವರು ಕಣ್ಣು ಮುಚ್ಚಿ ನಿಂತರು.

ಅಡುಗೆಮನೆಯ ಕಿಟಕಿಯ ಒಳಗಿನಿಂದ ಹೆಂಡತಿ ಗಂಗಾಬಾಯಿ ಆ ಮಾತು ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದೇ ಅವರ ಬದುಕಾಗಿತ್ತು. ಹೊಸಪೇಟೆಯ ಮಠದ ಓಣಿಗೆ ಸೊಸೆಯಾಗಿ ಬಂದ ಮೊದಲ ಮಳೆಗಾಲದಿಂದಲೂ ಗಂಡ ಮಠದಲ್ಲಿ ವ್ಯಾಸಪೀಠದ ಮುಂದೆ ಕೂತು ಪುರಾಣ ಓದಿದ ಒಂದು ಸಂಜೆಯನ್ನೂ ಅವರು ತಪ್ಪಿಸಿರಲಿಲ್ಲ. ಹೆಂಗಸರ ಸಾಲಿನಲ್ಲಿ, ಕಂಬಕ್ಕೆ ಒರಗದೆ, ಸೆರಗು ಹೊದ್ದು ಕೂತಿರುತ್ತಿದ್ದರು. ಅರ್ಥವೆಲ್ಲ ಆಗುತ್ತಿತ್ತೆಂದಲ್ಲ. ಸಾಲಿನ ಕೊನೆಯಲ್ಲಿ ಗಂಡನ ದನಿ ಕೆಳಗಿಳಿದು, ಇನ್ನೇನು ನಿಂತಿತು ಅನ್ನುವಾಗ ಮತ್ತೆ ಎದ್ದು ಮುಂದಿನ ಸಾಲನ್ನು ಹಿಡಿಯುತ್ತಿತ್ತಲ್ಲ, ಆ ಜಾಗದಲ್ಲಿ ಅವರ ಉಸಿರೂ ಇಳಿದು ಏಳುತ್ತಿತ್ತು. ಅದು ಅವರ ಪೂಜೆ.

ಈ ವರ್ಷ ಆಚಾರ್ಯರು ಓದಲು ಹಿಡಿದದ್ದು ಅವರ ತಂದೆ ಮುಗಿಸದೆ ಬಿಟ್ಟುಹೋದ ಪುರಾಣ. ತಂದೆಗೆ ಜ್ವರ ಬಂದು ಓದು ನಿಂತಿತ್ತು, ಮಂಗಳ ಹಾಡಲಾಗಲಿಲ್ಲ, ಮುಂದಿನ ಚಾತುರ್ಮಾಸ್ಯಕ್ಕೆ ಅವರೇ ಇರಲಿಲ್ಲ. ಹಿಡಿದ ಪುರಾಣ ಬಿಟ್ಟರೆ ಅದು ಓದಿದವನನ್ನು ಹಿಡೀತದ ಎಂದು ಓಣಿಯ ಹಿರಿಯರು ಆಗ ಆಡಿಕೊಂಡಿದ್ದರು. ಆ ಪುಸ್ತಕ ಅಂದಿನಿಂದ ಕೆಂಪು ವಸ್ತ್ರದಲ್ಲಿ ಸುತ್ತಿ ದೇವರ ಮನೆಯ ಗೂಡಿನಲ್ಲಿತ್ತು. ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಆಚಾರ್ಯರು ಅದನ್ನು ತೆಗೆದರು. ಆಷಾಢದಲ್ಲಿ ಶುರು, ಕಾರ್ತಿಕದ ಉತ್ಥಾನ ದ್ವಾದಶಿಗೆ ಮಂಗಳ ಎಂದು ಸಂಕಲ್ಪ ಮಾಡಿದರು.

"ಬ್ಯಾರೇ ಪುರಾಣ ಇಲ್ಲೇನ್ರಿ?" ಎಂದು ಗಂಗಾಬಾಯಿ ಕೇಳಿದ್ದರು.

"ಮೊದಲಿಂದ ಓದಿ ಅಪ್ಪ ನಿಲ್ಲಿಸಿದ ಸಾಲು ನಾನು ದಾಟಬೇಕಲ್ಲ, ಗಂಗಾ. ಎಷ್ಟು ವರ್ಷ ಆ ಸಾಲು ಬಾಯಿ ತಕ್ಕೊಂಡು ಕೂತಿರಬೇಕು?"

ಎದೆಯುರಿ ಹಳೆಯದು. ಏಕಾದಶಿಯ ದಿನ ನೀರೂ ಮುಟ್ಟದ ಉಪವಾಸ, ಮರುದಿನ ನಸುಕಿನಲ್ಲೇ ಎಲೆ ತುಂಬ ಪಾರಣೆಯ ಊಟ, ಸಂಜೆ ಬಗ್ಗಿ ಕೂತು ಓದು. ಹೊಟ್ಟೆಯಲ್ಲಿದ್ದದ್ದು ಮೇಲೇರುತ್ತಿತ್ತು. ಆದರೆ ಈ ಸಲ ಅದು ಗಂಟಲಿಗೇ ಕೈಹಾಕಿತು. ಪುರಾಣ ಶುರುವಾಗುವ ಮೊದಲೇ ಸ್ವರ ಒಡೆಯತೊಡಗಿತ್ತು.

ಕೇಳುಗರು ಸುಮ್ಮನಿರುತ್ತಾರೆಯೆ? ಒಬ್ಬೊಬ್ಬರದು ಒಂದೊಂದು ಮದ್ದು. ಎಮ್ಮಿಗನೂರಿನಿಂದ ಮಗಳ ಮನೆಗೆ ಬಂದು ಹೊಸಪೇಟೆಯಲ್ಲೇ ಉಳಿದ ಜಂಬವ್ವ ದಿನಾ ಬಾಗಿಲ ಹತ್ತಿರ ಕೂತು ಪುರಾಣ ಕೇಳುವಾಕೆ. ಆಕೆ ಮೊದಲ ದಿನವೇ ಹೇಳಿದಳು: "ಬೂದಗುಂಬಳಕಾಯಿ ರಸ ಕುಡೀರಿ ಆಚಾರ್ರ. ನಮ್ಮ ಮಾವ ಕುಡ್ದು ಕುಡ್ದು ಅವನ ಮಾರಿ-ಮೋತಿನೂ ಕುಂಬಳಕಾಯಿ ಆಗೈತಿ, ಉರಿ ಮಾತ್ರ ಹೋಗೈತಿ."

ಸಭೆ ನಕ್ಕಿತು. ಆಚಾರ್ಯರ ತಮ್ಮ ಪುರಂದರ ನಗಲಿಲ್ಲ. ನೀರಾವರಿ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿದ್ದವ ಅವನು. ಪುರಾಣದ ವ್ಯವಸ್ಥೆಯೆಲ್ಲ ಅವನದೇ: ಮೈಕು, ಚಾಪೆ, ಮೊಬೈಲಿನಲ್ಲಿ ಲೈವ್. "ಹಿತ್ತಲ ಗಿಡ ಮದ್ದಲ್ಲ ಅಂತ ಯಾವನೋ ಅಂದ. ಎಲ್ಲಾ ಮದ್ದೂ ಹಿತ್ತಲಾಗ ಅವ. ಗುಳಿಗಿ ನುಂಗಿ ಕರುಳು ಸುಟ್ಟುಕೊಳ್ಳೂದು ಬ್ಯಾಡ, ಅಣ್ಣಾ. ನೈಸರ್ಗಿಕ ಇದ್ರ ದೋಷ ಇಲ್ಲ."

ಮದ್ದುಗಳು ನಿಜವಾಗಿಯೂ ತಣಿಸಿದವು. ಕುಂಬಳದ ರಸ, ಬಾಳೆಹಣ್ಣು, ಊಟದ ಮೇಲೆ ಇಂಗು ಹಾಕಿದ ನೀರುಮಜ್ಜಿಗೆ, ಮಲಗುವ ಮುಂಚೆ ತಣ್ಣನೆಯ ಹಾಲು, ಬೆಳಿಗ್ಗೆ ಎದ್ದೊಡನೆ ನೆನೆಸಿದ ಕೊತ್ತಂಬರಿ ಬೀಜದ ನೀರು. ಗಂಗಾಬಾಯಿ ಒಂದೊಂದನ್ನೂ ಹೊತ್ತು ನೋಡಿ ಕೊಟ್ಟರು.

ಆಮೇಲೆ ವ್ರತದ ತಿಂಗಳುಗಳು ಬಂದವು.

ಚಾತುರ್ಮಾಸ್ಯದ ನಾಲ್ಕು ತಿಂಗಳಿಗೆ ನಾಲ್ಕು ವ್ರತ. ಮೊದಲ ತಿಂಗಳು ಶಾಕವ್ರತ: ಕಾಯಿಪಲ್ಯ, ಸೊಪ್ಪು, ಹಣ್ಣು ಇಲ್ಲ. ಕುಂಬಳದ ರಸ ಹೋಯಿತು, ಬಾಳೆಹಣ್ಣು ಹೋಯಿತು. ಎರಡನೆಯ ತಿಂಗಳು ಮೊಸರಿಲ್ಲ. ಮಜ್ಜಿಗೆ ಹೋಯಿತು. ಮೂರನೆಯದರಲ್ಲಿ ಹಾಲಿಲ್ಲ. ನಾಲ್ಕನೆಯ ತಿಂಗಳು ಎರಡು ಹೋಳಾಗುವ ಬೇಳೆಕಾಳು ಬಿಡಬೇಕು. ಹೋಳಾಗುವುದೆಂದು ಕೊತ್ತಂಬರಿ ಬೀಜವೂ ಹೋಯಿತು. ಬಾಗಿಲುಗಳನ್ನು ಒಂದೊಂದಾಗಿ ಹಾಕುತ್ತ ಬಂದಂತೆ, ತಿಂಗಳಿಗೊಂದು ಮದ್ದು ಆಚೆ ಉಳಿಯಿತು. ಕೊನೆಗೆ ಒಳಗೆ ಉಳಿದದ್ದು ಒಂದು ಕಡ್ಡಿ.

ಅದನ್ನು ಪುರಂದರ ಮೊದಲ ತಿಂಗಳಲ್ಲೇ ತಂದುಕೊಟ್ಟಿದ್ದ. ಮಾರ್ಕೆಟ್ಟಿನಲ್ಲಿ ಗಿಡಮೂಲಿಕೆ ಮಾರುವ ಹೊನ್ನೂರಪ್ಪನ ಅಂಗಡಿಯ ಜ್ಯೇಷ್ಠಮಧು. ಹೊರಗೆ ಕಂದು, ಮುರಿದರೆ ಒಳಗೆ ಹಳದಿ ನಾರು, ಬಾಯಿಗಿಟ್ಟರೆ ಸಕ್ಕರೆಗಿಂತ ಸಿಹಿ. ಹಾಡುವವರು ದನಿಗೆಂದು ಮೊದಲಿನಿಂದ ಇಟ್ಟುಕೊಳ್ಳುವಂಥದ್ದೇ. ಒಂದು ತುಂಡು ದವಡೆಗೆ ಒತ್ತಿಕೊಂಡು ಚೀಪಿದರೆ ಉರಿ ಕೆಳಗಿಳಿಯುತ್ತಿತ್ತು, ಗಂಟಲು ಎಣ್ಣೆ ಸವರಿದಂತೆ ಆಗುತ್ತಿತ್ತು.

"ಅದು ಬೇರಲ್ಲೇನ್ರಿ?" ಎಂದು ಗಂಗಾಬಾಯಿ ಕೇಳಿದ್ದರು. "ಶಾಕವ್ರತದಾಗ ಬೇರು ನಡೀತದೇನು?"

"ಔಷಧಕ್ಕ ವ್ರತಭಂಗ ಇಲ್ಲ," ಎಂದಿದ್ದರು ಆಚಾರ್ಯರು.

ಗಂಡ ಶಾಸ್ತ್ರ ಬಲ್ಲವರು.

ಮೊದಲು ಓದುವ ಮುಂಚೆ ಒಂದು ತುಂಡು. ಮಜ್ಜಿಗೆ ಹೋದ ಮೇಲೆ ಊಟವಾದ ಮೇಲೂ ಒಂದು. ಹಾಲು ಹೋದ ಮೇಲೆ ಕಡ್ಡಿ ದವಡೆ ಬಿಟ್ಟು ಇಳಿಯಲೇ ಇಲ್ಲ. ಸ್ನಾನಕ್ಕೆ, ಸಂಧ್ಯಾವಂದನೆಗೆ ತೆಗೆದು ಗೂಡಿನಲ್ಲಿಡುವರು, ಮುಗಿದ ಕೂಡಲೇ ಕೈ ಗೂಡಿಗೆ ಹೋಗುವುದು. ಏಕಾದಶಿಯ ದಿನ ತೀರ್ಥ ಬಿಟ್ಟು ಹನಿ ನೀರೂ ಒಳಗೆ ಹೋಗಬಾರದು, ಆದರೆ ಎಡಗೆನ್ನೆ ಉಬ್ಬಿಯೇ ಇತ್ತು.

"ಇವತ್ತೂ ಏನ್ರಿ?"

"ನುಂಗೂದಿಲ್ಲ, ಗಂಗಾ. ಚೀಪಿ ಉಗುಳ್ತೀನಿ. ಕಡ್ಡಿ ಅದು. ಹಲ್ಲುಜ್ಜೂ ಕಡ್ಡಿ ಇದ್ದಂಗ."

ಅವರು ಉಗುಳಿದ್ದನ್ನು ಗಂಗಾಬಾಯಿ ನೋಡಲಿಲ್ಲ.

ದನಿ ಮಾತ್ರ ತಿರುಗಿ ಬಂದಿತ್ತು. ಬರೀ ತಿರುಗಿ ಬಂದದ್ದಲ್ಲ, ವಯಸ್ಸಿನಲ್ಲೂ ಇರದಿದ್ದ ಒಂದು ಆಳ ಅದಕ್ಕೆ ಸೇರಿತ್ತು. ಭಾದ್ರಪದದ ಒಂದು ಸಂಜೆ ಬೆಂಕಿದೇವರಿಗೆ ಹೊಟ್ಟೆ ಕೆಟ್ಟ ಪ್ರಸಂಗ ಬಂತು. ಯಾಗಯಾಗದಲ್ಲಿ ಸುರಿದ ತುಪ್ಪ ಕುಡಿದು ಕುಡಿದು ಅವನಿಗೆ ಅಜೀರ್ಣ, ಮೈ ಬಿಳಚಿತು, ತೇಜಸ್ಸು ಇಳಿಯಿತು. ಮದ್ದು ಏನೆಂದರೆ ಗಿಡಮೂಲಿಕೆ ತುಂಬಿದ ಒಂದು ಕಾಡು. ಇಡೀ ಕಾಡನ್ನೇ ಕೊಡಿ, ತಿನ್ನುತ್ತೇನೆ ಎಂದು ಅವನು ಕೈಯೊಡ್ಡಿ ನಿಂತ. ಆಚಾರ್ಯರ ಬಾಯಲ್ಲಿ ಆ ಕಾಡು ಚಟಚಟ ಉರಿಯಿತು. ಹಕ್ಕಿಗಳು ರೆಕ್ಕೆ ಸುಟ್ಟು ಬಿದ್ದವು. ಮೊಬೈಲಿನ ಹಿಂದೆ ನಿಂತ ಪುರಂದರನ ಕಣ್ಣಲ್ಲಿ ನೀರು. ಬೆಂಕಿದೇವರಿಗೆ ಗುಣವಾಯಿತು ಎಂದು ಪ್ರಸಂಗ ಮುಗಿಯಿತು, ಸಭೆ ಹರಿನಾಮ ಹೇಳಿತು.

ಗಂಗಾಬಾಯಿ ಹೇಳಲಿಲ್ಲ. ಗುಣವಾದದ್ದು ಸರಿ, ಕಾಡಿಗೆ ಏನಾಯಿತು ಎಂಬುದು ಅವರ ಮನಸ್ಸಿನಲ್ಲಿ ಸಿಕ್ಕಿಕೊಂಡಿತ್ತು.

ಅಂದು ಮಂಗಳಾರತಿಯಾದ ಮೇಲೆ ಆಚಾರ್ಯರು ಏಳಲಿಲ್ಲ. ವ್ಯಾಸಪೀಠ ಹಿಡಿದು ಏಳಲು ನೋಡಿ ಮತ್ತೆ ಕೂತರು. ತೊಡೆಗಳು ನಡುಗಿದವು.

"ಪರವಶ ಆಗ್ಯಾರ," ಎಂದು ಯಾರೋ ಪಿಸುಗುಟ್ಟಿದರು. "ಮುಖ ನೋಡ್ರಿ, ಹ್ಯಾಂಗ ತುಂಬೇದ! ತೇಜಸ್ಸು ಅಂದ್ರ ಅದು."

ಮುಖ ತುಂಬಿದ್ದು ನಿಜ. ಮನೆಗೆ ಬಂದ ಮೇಲೆ ಗಂಗಾಬಾಯಿ ದೀಪದ ಬೆಳಕಿನಲ್ಲಿ ನೋಡಿದರು. ಕಣ್ಣ ಕೆಳಗೆ ನೀರು ನಿಂತಂತೆ ಊದಿತ್ತು. ಬೆರಳಿನ ಪವಿತ್ರದುಂಗುರ ಮಾಂಸದೊಳಗೆ ಹೂತಿತ್ತು, ಸೋಪು ಹಚ್ಚಿದರೂ ಕದಲಲಿಲ್ಲ. ಪಾದದ ಮೇಲೆ ಚಪ್ಪಲಿಯ ಪಟ್ಟಿ ಬಿದ್ದ ಗುರುತು ಮಡಕೆಯ ಮೇಲಿನ ಗೀರಿನಂತೆ ಹಾಗೇ ಉಳಿಯಿತು.

"ಕಾಲು ನೋಡ್ರಿ ಹ್ಯಾಂಗಾಗ್ಯಾವ."

"ಕೂತು ಕೂತು ಹಂಗಾಗ್ತದ ಬಿಡು."

ಆ ವಾರ ಹಂಪಿಗೆ ಹೋದರು. ಚಕ್ರತೀರ್ಥದಲ್ಲಿ ಸ್ನಾನ ಮಾಡಿ ಪ್ರಾಣದೇವರ ದರ್ಶನ ಮಾಡುವುದು ಆಚಾರ್ಯರ ವಾಡಿಕೆ. ಇಳಿಯುವಾಗ ಏನೂ ಆಗಲಿಲ್ಲ. ಮುಳುಗು ಹಾಕಿ ಹತ್ತುವಾಗ, ಒದ್ದೆ ಕಲ್ಲಿನ ಮೆಟ್ಟಿಲ ಮೇಲೆ, ಎರಡೂ ಕಾಲು ಒಟ್ಟಿಗೆ ಬಿಟ್ಟುಕೊಟ್ಟವು. ಜಾರಿದ್ದಲ್ಲ. ಹಗ್ಗ ಕಡಿದ ಗೊಂಬೆಯಂತೆ ಇದ್ದಲ್ಲೇ ಕುಸಿದರು. ಹೊಳೆ ತುಂಬಿ ಹರಿಯುತ್ತಿತ್ತು, ನೀರು ಮೊಣಕಾಲನ್ನು ಎಳೆಯುತ್ತಿತ್ತು. ಹರಿಗೋಲಿನವರು ಇಬ್ಬರು ಓಡಿಬಂದು ತೋಳಿಗೆ ಕೈಕೊಟ್ಟು ಮೇಲೆತ್ತಿದರು.

"ಯಾಕ್ರಿ ಸ್ವಾಮೇರ, ತಲಿ ತಿರುಗ್ತೇನು?"

"ಇಲ್ಲಪಾ," ಎಂದರು ಆಚಾರ್ಯರು, ತಮ್ಮ ಕಾಲನ್ನು ತಾವೇ ಮುಟ್ಟಿ ನೋಡುತ್ತ. "ಈ ಕಾಲು ನನ್ನವಲ್ಲ ಅನಸ್ತದ."

ಅಲ್ಲಿಂದ ನೇರ ಹೊಸಪೇಟೆಯ ಡಾಕ್ಟರು ಭುವನೇಶ್ವರಿಯವರ ಕ್ಲಿನಿಕ್ಕಿಗೆ. ಕಂಪ್ಲಿಯ ಕಡೆಯವರು, ಕಡಿಮೆ ಮಾತಿನವರು. ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು, ಮತ್ತೊಮ್ಮೆ ನೋಡಿದರು. ರಕ್ತ ತೆಗೆಸಿದರು. ರಿಪೋರ್ಟು ಬಂದ ಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ರಕ್ತದಾಗ ಪೊಟ್ಯಾಸಿಯಂ ಅಂತ ಒಂದು ಉಪ್ಪು ಇರ್ತದ, ಆಚಾರ್ರೇ. ಕೈಕಾಲು ಆಡೂದು, ಎದಿ ಬಡಿಯೂದು ಅದರ ಮ್ಯಾಲೆ ನಿಂತದ. ನಿಮ್ಮದು ಭಾಳ ಇಳದದ. ಬಿಪಿ ಬ್ಯಾರೇ ಏರೇದ. ನೀವು ಮೊದಲಿಂದ ನುಂಗೂ ಈ ಬಿಪಿ ಗುಳಿಗಿ ಮೈಯಾಗಿನ ನೀರು ಇಳಸ್ತದ, ಜೋಡಿಗೆ ಆ ಉಪ್ಪೂ ಇಳಸ್ತದ. ಅದನ್ನ ಬದಲಿ ಮಾಡ್ತೀನಿ. ಬ್ಯಾರೇ ಏನು ತಗೋತೀರಿ? ಕಷಾಯ, ನಾಟಿ ಔಷಧ, ಚೂರ್ಣ?"

"ಏನೂ ಇಲ್ಲ."

"ಊಟದಾಗ?"

ಆಚಾರ್ಯರು ವ್ರತ ವಿವರಿಸಿದರು. ಡಾಕ್ಟರು ಕೇಳಿಸಿಕೊಂಡು ತಲೆಯಾಡಿಸಿದರು. ಒಳಗೆ ಬರುವ ಮುಂಚೆ ಬಾಯಿಂದ ತೆಗೆದ ಕಡ್ಡಿ ಆಚಾರ್ಯರ ಶಲ್ಯದ ಅಂಚಿನಲ್ಲಿ ಸುತ್ತಿಕೊಂಡಿತ್ತು. ಅದು ಊಟದ ಲೆಕ್ಕಕ್ಕೆ ಬರಲಿಲ್ಲ. ಔಷಧದ ಲೆಕ್ಕಕ್ಕೂ ಬರಲಿಲ್ಲ. ಪಕ್ಕದಲ್ಲಿ ನಿಂತ ಗಂಗಾಬಾಯಿಗೂ ಆಗ ಅದು ಹೊಳೆಯಲಿಲ್ಲ.

"ಮತ್ತ ಕಾಲು ಸೋತ್ರ ತಡಾ ಮಾಡಬ್ಯಾಡ್ರಿ," ಎಂದು ಡಾಕ್ಟರು ಗಂಗಾಬಾಯಿಯನ್ನೇ ನೋಡಿ ಹೇಳಿದರು. "ಈ ಉಪ್ಪು ಇನ್ನೂ ಇಳೀತು ಅಂದ್ರ ಎದಿ ಬಡಿತ ತಾಳ ತಪ್ತದ. ಹೇಳಿ ಕೇಳಿ ನಿಲ್ಲೂದಿಲ್ಲ ಅದು."

ಡಾಕ್ಟರು ಕೊಟ್ಟ ಔಷಧಿಯನ್ನು ಗಂಗಾಬಾಯಿ ನೀರಿನಲ್ಲಿ ಬೆರೆಸಿ ಕುಡಿಸಿದರು. ಆದರೂ ಕಾಲಿಗೆ ಬಲ ಬರಲಿಲ್ಲ. ಬಲ ಬಂದದ್ದು ದಸರೆಯ ಮೇಲೆ, ಅದೂ ಬೇರೆಯೇ ಕಾರಣಕ್ಕೆ.

ಹೊನ್ನೂರಪ್ಪನ ಅಂಗಡಿಯಲ್ಲಿ ಕಡ್ಡಿ ತೀರಿತು. "ಸರಕು ಉತ್ತರದ ಕಡಿಂದ ಬರಬೇಕ್ರಿ ಸ್ವಾಮೇರ," ಎಂದ ಅವನು, ಖಾಲಿ ಡಬ್ಬಿ ಬೋರಲು ಹಾಕಿ ತೋರಿಸುತ್ತ. "ದೀಪಾವಳಿ ಮುಂದ ಬರತೈತಿ. ಈ ಸಲ ನೀವ ಎಲ್ಲಾ ತಿಂದೀರಿ ನೋಡ್ರಿ. ಊರಾಗಿನ ಮಕ್ಕಳ ಕೆಮ್ಮಿಗೆ ಒಂದು ಚೂರು ಉಳಿಸಿಲ್ಲ."

ಉರಿ ಮತ್ತೆ ಎದ್ದಿತು. ಓದು ಕುಂಟಿತು. ಸಾಲಿನ ನಡುವೆ ಕೆಮ್ಮು, ತೇಗು, ಒಡಕು. ಚಾಪೆಯ ಮೇಲೆ ಜನ ಕಡಿಮೆಯಾದರು. ಪುರಂದರ ಲೈವ್ ನಿಲ್ಲಿಸಿದ. ಆಚಾರ್ಯರು ಮುಖ ಕೆಳಗೆ ಹಾಕಿ ಮನೆಗೆ ಬರುತ್ತಿದ್ದರು. ಆದರೆ ನಡೆದು ಬರುತ್ತಿದ್ದರು. ದಿನ ಕಳೆದಂತೆ ಯಾರ ಭುಜವನ್ನೂ ಹಿಡಿಯದೆ ಮಠದ ಮೆಟ್ಟಿಲು ಇಳಿದರು. ಒಂದು ಮುಂಜಾನೆ ಸಂಧ್ಯಾವಂದನೆಯ ನೀರು ಬಿಡುವಾಗ ಪವಿತ್ರದುಂಗುರ ತಾನಾಗಿ ಜಾರಿ ಪಂಚಪಾತ್ರೆಯಲ್ಲಿ ಟಣ್ ಎಂದು ಬಿತ್ತು. ಗಂಗಾಬಾಯಿ ತಲೆ ಎತ್ತಿ ನೋಡಿದರು. ಮುಖದ ಊತ ಇಳಿದಿತ್ತು. ಎಂದಿನ ಬಡಕಲು ಮುಖ.

ದೀಪಾವಳಿ ಬಂತು, ಸರಕು ಬಂತು. ಹೊನ್ನೂರಪ್ಪ ಒಂದು ಕಟ್ಟು ಕಡ್ಡಿಗೆ ಹೂ ಸುತ್ತಿ, ತಾನೇ ಸಭೆಗೆ ತಂದು ವ್ಯಾಸಪೀಠದ ಮುಂದೆ ಇಟ್ಟ. "ನನ್ನ ಸೇವಾ ಅಂತ ತಿಳೀರಿ." ಆಚಾರ್ಯರು ಅದನ್ನು ಕಣ್ಣಿಗೊತ್ತಿಕೊಂಡರು.

ದನಿ ಬಂತು. ಜನ ಬಂದರು. ಪುರಂದರನ ಮೊಬೈಲು ಮತ್ತೆ ಕೋಲಿನ ಮೇಲೆ ನಿಂತಿತು. ಗಂಗಾಬಾಯಿ ಮೊದಲ ಬಾರಿಗೆ ಗಂಡನ ದನಿಯನ್ನು ಕೇಳಲಿಲ್ಲ. ಅವರ ಕಣ್ಣು ಗಂಡನ ಬೆರಳಿನ ಉಂಗುರದ ಮೇಲಿತ್ತು. ದಿನದಿನಕ್ಕೆ ಅದು ಬಿಗಿಯುತ್ತಿತ್ತು. ಕಾರ್ತಿಕ ಏಕಾದಶಿಯ ಹಿಂದಿನ ಬೆಳಿಗ್ಗೆ ಗೂಡಿನಿಂದ ಪುಸ್ತಕ ಎತ್ತಲು ಹೋದ ಆಚಾರ್ಯರ ಕೈ ಅರ್ಧದಲ್ಲೇ ನಿಂತಿತು. ಪುಸ್ತಕ ಎದೆಗೆ ಬಡಿದು ಕೆಳಗೆ ಬಿತ್ತು. ಕೆಂಪು ವಸ್ತ್ರ ಬಿಚ್ಚಿಕೊಂಡು ಹಾಳೆಗಳು ನೆಲದ ಮೇಲೆ ಹರಡಿದವು. ಪುರಾಣದ ಪುಸ್ತಕ ನೆಲಕ್ಕೆ ಬಿದ್ದದ್ದು ಆ ಮನೆಯಲ್ಲಿ ಇದು ಎರಡನೆಯ ಸಲ. ಮೊದಲನೆಯದು ಮಾವನವರ ಕೈಯಿಂದ.

ಗಂಗಾಬಾಯಿ ಹಾಳೆಗಳನ್ನು ಕೂಡಿಸಿಟ್ಟರು. ಆಮೇಲೆ ಗೂಡಿನಲ್ಲಿದ್ದ ಒಂದು ಕಡ್ಡಿಯನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ತರಕಾರಿಗೆ ಎಂದೂ ಹೇಳದೆ, ಆಟೋ ಹಿಡಿದು ಒಬ್ಬರೇ ಕ್ಲಿನಿಕ್ಕಿಗೆ ಹೋದರು.

ಡಾಕ್ಟರ ಮೇಜಿನ ಮೇಲೆ ಗಂಟು ಬಿಚ್ಚಿದರು.

"ಇದು ಊಟ ಏನ್ರಿ, ಔಷಧ ಏನ್ರಿ?"

ಭುವನೇಶ್ವರಿ ಕಡ್ಡಿಯನ್ನು ಎತ್ತಿ ಮೂಸಿದರು. ಮುಖದ ಬಣ್ಣ ಬದಲಾಯಿತು.

"ದಿನಾ ತಗೋತಾರೇನು?"

"ಬಾಯಾಗ ಇಲ್ಲದ ಹೊತ್ತು ಇಲ್ರಿ. ಆಷಾಢದಿಂದ."

ಡಾಕ್ಟರು ಕಡ್ಡಿಯನ್ನು ಮೇಜಿನ ಮೇಲೆ ಇಟ್ಟರು. "ನಮ್ಮಜ್ಜಿನೂ ನನಗ ಇದನ್ನ ಕೆಮ್ಮಿಗೆ ಕೊಡ್ತಿದ್ಲು," ಎಂದರು ಆಮೇಲೆ. "ಒಂದ್ ಚೂರು, ಒಂದೆರಡು ದಿನ. ಅಷ್ಟಕ್ಕ ಒಳ್ಳೇದ. ತಿಂಗಳಗಟ್ಟಲೆ ಹಿಂಗ ಚೀಪಿದ್ರ ಇದ ಆ ಉಪ್ಪನ್ನ ಹೊರಗ ಹಾಕ್ತದ. ಬಿಪಿ ಏರಸ್ತದ, ಮೈಯಾಗ ನೀರು ನಿಲ್ಲಸ್ತದ. ನಾನು ಈ ಕಡಿಂದ ತುಂಬಸ್ತೀನಿ, ಇದು ಆ ಕಡಿಂದ ಸೋರಸ್ತದ. ಕೇಳಿದ್ದೆನಲ್ರೀ ನಾನು. ಔಷಧ ಏನರ ತಗೋತೀರೇನು ಅಂತ ಕೇಳಿದ್ದೆ."

"ಔಷಧ ಅಲ್ಲ ಅಂದುಕೊಂಡಿದ್ವಿ."

"ಇವತ್ತ ಕರಕೊಂಡು ಬರ್ರಿ. ಅಡ್ಮಿಟ್ ಮಾಡಬೇಕು. ಇನ್ನ ಮ್ಯಾಲೆ ಇದು ಒಂದ್ ತುಂಡೂ ಬಾಯಿಗೆ ಹೋಗಬಾರದು. ಒಂದ್ ತುಂಡೂ. ಎದಿಉರಿಗೆ ಬ್ಯಾರೇ ಗುಳಿಗಿ ಅದಾವ, ನಾನು ಕೊಡ್ತೀನಿ."

ಆಟೋದಲ್ಲಿ ಹಿಂತಿರುಗುವಾಗ ಗಂಗಾಬಾಯಿಗೆ ಗಂಡನ ಓದು ನೆನಪಾಯಿತು. ಓದುವಾಗ ಒಂದು ಅಕ್ಷರ ತಪ್ಪಿದರೆ ಕೇಳುವವರು ಮನಸ್ಸಿನಲ್ಲಿ ತುಂಬಿಕೊಳ್ಳುತ್ತಾರೆ. ಎದೆ ತಪ್ಪಿದ ಬಡಿತವನ್ನು ತುಂಬಿಕೊಡುವವರು ಯಾರು?

ಮನೆಯಲ್ಲಿ ಹೇಳಿದರು. ಆಚಾರ್ಯರು ಕೇಳಿ ನಕ್ಕರು. ನಕ್ಕಾಗ ಎಡಗೆನ್ನೆಯಲ್ಲಿ ಕಡ್ಡಿ ಕದಲಿತು.

"ನಾಡಿದ್ದು ದ್ವಾದಶಿ. ಮಂಗಳ. ಮುಗಿದ ಮರುಗಳಿಗೆ ಬರ್ತೀನಿ, ಅವರು ಬೇಕಾದ್ದು ಚುಚ್ಚಲಿ."

"ಇವತ್ತ ಅಂದಾರ್ರಿ."

"ಅಪ್ಪ ಎಲ್ಲಿ ನಿಂತ ಗೊತ್ತದಲ್ಲ ನಿನಗ? ಕೊನೀ ಅಧ್ಯಾಯದಾಗ. ಅದ ಅಧ್ಯಾಯ ಬಂದದ. ಈಗ ಬಿಟ್ಟೆ ಅಂದ್ರ ಆ ಉಪ್ಪಿನ ಕೈಯಿಂದ ಉಳಿದ್ರೂ ಪುರಾಣ ನನ್ನ ಬಿಡೂದಿಲ್ಲ."

ಪುರಂದರನೂ ಅಣ್ಣನ ಕಡೆಗೇ ಮಾತಾಡಿದ. "ಅತ್ತಿಗಿ, ಬೇರಿನಿಂದ ಯಾರಾದ್ರೂ ಸಾಯ್ತಾರೇನು? ನಾನ ಕಾರು ತಂದು ಮಠದ ಮುಂದ ನಿಲ್ಲಸ್ತೀನಿ. ಮಂಗಳಾರತಿ ತಟ್ಟಿ ಕೆಳಗಿಡೂದ್ರಾಗ ಹೊರಡ್ತೀವಿ."

ಆಚಾರ್ಯರು ಸ್ನಾನಕ್ಕೆ ಹೋದಾಗ ಗಂಗಾಬಾಯಿ ಮನೆಯ ಕಡ್ಡಿಗಳನ್ನೆಲ್ಲ ಹುಡುಕಿ ತೆಗೆದರು. ಗೂಡಿನಿಂದ, ಶಲ್ಯದಿಂದ, ಪಂಚಾಂಗದ ಸಂದಿನಿಂದ, ತಲೆದಿಂಬಿನ ಕೆಳಗಿನಿಂದ. ಹೊನ್ನೂರಪ್ಪನ ಹೂ ಸುತ್ತಿದ ಕಟ್ಟನ್ನೂ ಬಿಡಲಿಲ್ಲ. ಎಲ್ಲವನ್ನೂ ನೀರೊಲೆಗೆ ಹಾಕಿದರು. ಹೊಗೆ ಕೂಡ ಸಿಹಿಯಾಗಿತ್ತು. ಒಂದು ಮಾತ್ರ ಉಳಿಯಿತು, ಡಾಕ್ಟರಿಗೆ ತೋರಿಸಿದ್ದು. ಯಾಕೆ ಉಳಿಸಿಕೊಂಡರೋ ಅವರಿಗೂ ತಿಳಿಯಲಿಲ್ಲ. ಸೆರಗಿನ ಗಂಟಿನಲ್ಲಿ ಅದು ಹಾಗೇ ಇತ್ತು.

ಏಕಾದಶಿ ಹೇಗೋ ಕಳೆಯಿತು. ಡಾಕ್ಟರು ಕೊಟ್ಟ ಔಷಧವನ್ನು ಆಚಾರ್ಯರು ಅಂದು ಮುಟ್ಟಲಿಲ್ಲ. ಉಪವಾಸವಲ್ಲವೆ? ಕಡ್ಡಿ ಹುಡುಕಿ ಸಿಗದೆ ಹೆಂಡತಿಯ ಮುಖ ನೋಡಿದರು, ಕೇಳಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ಆಲಿಸುತ್ತ ದಿನ ನೂಕಿದರು.

ದ್ವಾದಶಿಯ ಸಂಜೆ ಮಠದ ಅಂಗಳ ತುಂಬಿತು. ತುಳಸಿಯ ಮುಂದೆ ಕಬ್ಬು ಕಟ್ಟಿ, ನೆಲ್ಲಿಯ ಟೊಂಗೆ ನಿಲ್ಲಿಸಿ, ದೀಪದ ಸಾಲು ಇಟ್ಟಿದ್ದರು. ಇಬ್ಬರು ತೋಳು ಹಿಡಿದು ಆಚಾರ್ಯರನ್ನು ಪೀಠದ ಮುಂದೆ ಕೂರಿಸಿದರು. ಹೊರಗೆ ಪುರಂದರನ ಕಾರು ನಿಂತಿತ್ತು.

ಮೊದಲ ಸಾಲುಗಳು ಬಂದವು. ಒಣಗಿದ ದನಿ, ಆದರೂ ಬಂದವು. ಅಧ್ಯಾಯದ ನಡುವಿಗೆ ಬರುವಾಗ ಉರಿ ಮೇಲೇರಿದ್ದು ಗಂಗಾಬಾಯಿಗೆ ಕಂಡಿತು. ಕುತ್ತಿಗೆಯ ನರ ಉಬ್ಬಿತು, ಕೈ ಎದೆಗೆ ಹೋಯಿತು. ಒಂದು ಸಾಲು ಕೆಳಗಿಳಿಯಿತು. ಕೇಳುವವರೆಲ್ಲ ಅದು ಏಳಲೆಂದು ಕಾದರು. ಏಳಲಿಲ್ಲ.

ಬಾಗಿಲ ಹತ್ತಿರದಿಂದ ಜಂಬವ್ವ ಕುತ್ತಿಗೆ ಚಾಚಿದಳು. "ಏನಾತ್ರೆವ್ವಾ?"

ತಂದೆಯವರ ಓದು ನಿಂತ ಸಾಲು ಅದೇ. ಹಾಳೆಯ ಅಂಚಿನಲ್ಲಿ ಅವರು ಗುರುತಿಗೆಂದು ಇಟ್ಟ ಕುಂಕುಮದ ಬೊಟ್ಟು ಇನ್ನೂ ಇತ್ತು. ಆಚಾರ್ಯರು ಆ ಬೊಟ್ಟಿನ ಮೇಲೆ ಬೆರಳಿಟ್ಟು, ತಲೆ ಎತ್ತಿ ಹೆಂಗಸರ ಸಾಲಿನ ಕಡೆ ನೋಡಿದರು. ಮೈಕು ಬಾಯಿಯ ಹತ್ತಿರವೇ ಇತ್ತು. ಮೆಲ್ಲಗೆ ಆಡಿದ ಮಾತು ಅಂಗಳದ ತುಂಬ ಕೇಳಿಸಿತು.

"ಗಂಗಾ. ಸೆರಗಿನಾಗ ಒಂದದ. ನಾ ಬಲ್ಲೆ."

ನೂರು ತಲೆಗಳು ತಿರುಗಿದವು. ಗಂಗಾಬಾಯಿಯ ಕೈ ಗಂಟಿನ ಮೇಲೆ ಹೋಯಿತು.

"ಇನ್ನ ಹತ್ತೆಂಟು ಸಾಲು. ಒಂದ್ ತುಂಡಿನಿಂದ ಏನಾಗ್ತದ? ಕೊಡು."

ಪುರಂದರ ಮೊಬೈಲು ಬಿಟ್ಟು ಬಂದು ಕೈಯೊಡ್ಡಿದ. "ಕೊಡ್ರಿ ಅತ್ತಿಗಿ. ಹೊತ್ತಲ್ಲದ ಹೊತ್ತು ಹಟ ಬ್ಯಾಡ. ಪುರಾಣ ನಿಂತದ."

"ಕೊಡ್ರಿ ಅವ್ವಾರ," ಎಂದು ಗಂಡಸರ ಸಾಲಿನಿಂದಲೂ ದನಿ ಬಂತು. ಹೊನ್ನೂರಪ್ಪ ನಿಂತೇಬಿಟ್ಟ. "ಅಂಗಡಿಯಿಂದ ತರ್ಲೇನ್ರಿ?" ಯಾರೋ ಅವನ ಪಂಚೆ ಎಳೆದು ಕೂರಿಸಿದರು.

ಗಂಗಾಬಾಯಿ ಎದ್ದು ನಿಂತರು. ಆ ಸಭೆಯಲ್ಲಿ ಅವರು ಎಂದೂ ಮಾತಾಡಿದವರಲ್ಲ. ಸಾಲಿನ ನಡುವಿನಿಂದ ದಾರಿ ಮಾಡಿಕೊಂಡು ವ್ಯಾಸಪೀಠದ ಮುಂದೆ ಬಂದರು. ದೀಪದ ಬೆಳಕಿನಲ್ಲಿ ಗಂಡನ ಮುಖ ಊದಿ ಹೊಳೆಯುತ್ತಿತ್ತು. ತೇಜಸ್ಸು ಎಂದೇ ಅನ್ನಬಹುದಿತ್ತು. ಎಡಗೈ ಮಣಿಕಟ್ಟಿನ ನರ ಬಡಿಯಿತು, ಬಡಿಯಿತು, ತಡೆಯಿತು, ಮತ್ತೆ ಅವಸರದಿಂದ ಬಡಿಯಿತು.

"ವ್ರತ ಕೇಳಿದಾಗ ಔಷಧ ಅಂದ್ರಿ," ಎಂದರು ಅವರು. "ಡಾಕ್ಟರು ಕೇಳಿದಾಗ ಏನೂ ಇಲ್ಲ ಅಂದ್ರಿ. ಈಗ ನಾ ಕೇಳ್ತೀನಿ. ಇದು ಏನ್ರಿ?"

ಆಚಾರ್ಯರು ಕುಂಕುಮದ ಬೊಟ್ಟಿನ ಮೇಲಿದ್ದ ಬೆರಳನ್ನು ತೆಗೆದು, ಅಂಗೈ ಮೇಲೆ ಮಾಡಿ ಹೆಂಡತಿಯ ಮುಂದೆ ಚಾಚಿದರು. ಕಾಡು ಬೇಡಿ ನಿಂತವನ ಕೈಯ ಹಾಗೆ.

"ನಿನ್ನ ಕಾಲಿಗೆ ಬೀಳ್ತೀನಿ ಅಂತ ತಿಳಿ," ಎಂದು ಉಸಿರಿನಲ್ಲೇ ಹೇಳಿದರು. "ಕೊಡು, ಗಂಗಾ."

ಗಂಗಾಬಾಯಿ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಇನ್ನೊಂದು ಕೈಯಿಂದ ಪುಸ್ತಕವನ್ನು ಮುಚ್ಚಿದರು.

"ಕೊಡೂದಿಲ್ಲ."